ನೀರಿನ ಕೆಳಗಿನ ಅರ್ಧ

ಜನವರಿ ೧೨

ಪ್ರೀತಿಯ ಗೂಬೆ,

ಈ ಹೆಸರಿನಿಂದ ಶುರು ಮಾಡಿದ್ದಕ್ಕೆ ಬೇಸರಪಡಬೇಡ. ನಿನ್ನ ನಿಜವಾದ ಹೆಸರು ಗೊತ್ತು, ಲಕೋಟೆಯ ಮೇಲೆ ಅದನ್ನೇ ಬರೆಯುತ್ತೇನೆ. ಆದರೆ ನನ್ನ ಮಗ, ನನ್ನ ಮರಿ, ರಜೆಗೆ ಬಂದಾಗಲೆಲ್ಲ "ಗೂಬೆ ಹೀಗಂದ, ಗೂಬೆ ಹಾಗಂದ" ಎಂದು ಹೇಳಿ ಹೇಳಿ ನನ್ನ ಮಟ್ಟಿಗೆ ನೀನು ಗೂಬೆಯೇ. "ಪಾಪ, ಹಾಗೆಲ್ಲ ಕರೀಬಾರ್ದು ಕಣೋ" ಎಂದರೆ, "ರಾತ್ರಿಯೆಲ್ಲಾ ಹಡಗಿನ ಕಂಬದ ಮೇಲೆ ಕೂತ್ಕೊಂಡು ಕಣ್ಣು ಬಿಡೋದೇ ಅವನ ಕೆಲಸ, ಇನ್ನೇನಂತ ಕರೀಲಮ್ಮ?" ಅನ್ನುತ್ತಿದ್ದ. ಹಡಗಿನಲ್ಲಿ ಅವನನ್ನು ಪೆನ್ಸಿಲ್ ಅನ್ನುತ್ತಿದ್ದಿರಂತೆ. ಅಷ್ಟು ತೆಳ್ಳಗಿದ್ದನೇ? ನನ್ನ ಕಣ್ಣಿಗೆ ಯಾವತ್ತೂ ಹಾಗೆ ಕಂಡಿರಲಿಲ್ಲ.

ಹಡಗು ಮುಳುಗಿದ ವರ್ಷ ನೀನು ಒಮ್ಮೆ ಮನೆಗೆ ಬಂದಿದ್ದೆ. ಆಮೇಲೆ ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಹನ್ನೊಂದು ವರ್ಷವಾಯಿತು. ಈಗ ಬರೆಯಲು ಕಾರಣವಿದೆ.

ಹಲ್ಲಿನ ಲ್ಯಾಬಿನ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಇಷ್ಟು ವರ್ಷ ಯಾರ್ಯಾರದೋ ಬಾಯಿಗೆ ಹಲ್ಲಿನ ಸೆಟ್ ಮಾಡಿದ ಕೈ, ಸುಮ್ಮನಿರು ಎಂದರೆ ಕೇಳುವುದಿಲ್ಲ. ಮರಿಯ ಕಪಾಟಿನಲ್ಲಿ ಅವನು ಹುಡುಗನಾಗಿದ್ದಾಗ ಕೊಂಡ ಒಂದು ಪ್ಲಾಸ್ಟಿಕ್ ಹಡಗಿನ ಕಿಟ್ ಇತ್ತು, ಬಿಚ್ಚದೆ. ಅದನ್ನು ಜೋಡಿಸಿದೆ. ಕೆಟ್ಟದಾಗಿ ಬಂತು. ಎರಡನೆಯದು ಪರವಾಗಿಲ್ಲ ಅನ್ನಿಸಿತು. ಈಗ ನನ್ನ ಮುಂಗೋಣೆಯಲ್ಲಿ ಒಂದು ಸಣ್ಣ ನೌಕಾಪಡೆಯೇ ಇದೆ, ಪ್ರತಿಯೊಂದೂ ಗೇಣಿಗಿಂತ ಚಿಕ್ಕದು. ಲ್ಯಾಬಿನ ಚಿಮಟ, ಡ್ರಿಲ್ಲು, ಬ್ರಷ್ಷು ಎಲ್ಲ ಇದಕ್ಕೂ ಆಗುತ್ತವೆ.

ಬಂದರಿನಲ್ಲಿ ನಿಮ್ಮ ಹಡಗಿನವರ ನೆನಪಿಗೆ ಒಂದು ಕೊಠಡಿ ಮಾಡುತ್ತಿದ್ದಾರೆ. ವರ್ಷದ ಕೊನೆಗೆ ತೆರೆಯುತ್ತಾರಂತೆ. ಅಲ್ಲಿಗೆ ಆ ಹಡಗಿನ ಮಾದರಿ ಮಾಡಿಕೊಡುತ್ತೀರಾ ಎಂದು ಕೊಠಡಿಯ ಅಧಿಕಾರಿ ಕೇಳಿದರು. "ನೀರಿನ ಮೇಲೆ ತೇಲ್ತಾ ಇರೋ ಥರ ಮಾಡಿ ಮೇಡಂ, ನೋಡೋರಿಗೆ ಬೇಜಾರಾಗಬಾರದು" ಎಂದರು. ಹೇಗೂ ಈ ಅಳತೆಯ ಕಿಟ್‌ಗಳು ಬರುವುದೇ ಹಾಗೆ. ನೀರಿನ ಗೆರೆಗೆ ಸರಿಯಾಗಿ ಕತ್ತರಿಸಿದಂತೆ ಅಡಿ ಚಪ್ಪಟೆ. ಬಣ್ಣ ಹಚ್ಚಿದ ಹಲಗೆಯ ಮೇಲೆ ಅಂಟಿಸಿ, ಸುತ್ತ ಒಣಗಿದರೆ ಗಾಜಿನಂತಾಗುವ ಜೆಲ್ ಸುರಿದರೆ ಸಮುದ್ರ. ಕೆಳಗಿನ ಅರ್ಧ ಇರುವುದೇ ಇಲ್ಲ.

ಅದೇ ಜಾತಿಯ ಹಡಗಿನ ಕಿಟ್ ಸಿಕ್ಕಿದೆ. ನಿಮ್ಮದರಲ್ಲಿ ಏನೇನು ಬೇರೆ ಇತ್ತು, ನೀನು ಹೇಳಬೇಕು. ಹೊರಟ ದಿನ ಬೆಳಿಗ್ಗೆ ಹೇಗಿತ್ತೋ ಹಾಗೆ ಬೇಕು, ಮರಳುವಾಗ ಬಾಯ್ಲರ್ ಸಿಡಿಯುವ ಮೊದಲಿನದು.

ಇನ್ನೊಂದು ಮಾತು. ದಡ ಕಾಣುವಷ್ಟು ಹತ್ತಿರದಲ್ಲಿ ಮುಳುಗಿತು ಎಂದು ಕೇಳಿದ ದಿನದಿಂದ ನನ್ನ ಎದೆಯಲ್ಲಿ ಒಂದೇ ಪ್ರಶ್ನೆಯಿತ್ತು. ನೀನು ನನ್ನ ಅಡುಗೆಮನೆಯಲ್ಲಿ ನಿಂತು ಅದಕ್ಕೆ ಉತ್ತರ ಹೇಳಿದೆ. "ಒಂದೇ ಕ್ಷಣ, ಅಮ್ಮ. ಅವನಿಗೆ ಗೊತ್ತೇ ಆಗಿಲ್ಲ." ಆ ರಾತ್ರಿ ನಾನು ನಿದ್ದೆ ಮಾಡಿದೆ. ಇಂದಿಗೂ ಆ ಮಾತನ್ನು ತಲೆಯ ಕೆಳಗಿಟ್ಟುಕೊಂಡೇ ಮಲಗುತ್ತೇನೆ. ಅದಕ್ಕೆ ಋಣಿ ಎಂದು ಹೇಳದೇ ಇದ್ದದ್ದು ನನ್ನ ತಪ್ಪು.

ಫೋನ್ ಮಾಡಬೇಡ. ಲ್ಯಾಬಿನ ಉಜ್ಜುವ ಯಂತ್ರ ನನ್ನ ಕಿವಿಯನ್ನು ತಿಂದುಹಾಕಿದೆ. ಬರೆ.

ಪೆನ್ಸಿಲ್‌ನ ಅಮ್ಮ


ಫೆಬ್ರವರಿ ೨

ಅಮ್ಮನಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಲಿಫ್ಟಿನ ತಲೆಯ ಮೇಲೆ ಕೂತು ಓದಿದೆ. ತಮಾಷೆಯಲ್ಲ. ನಾನೀಗ ಲಿಫ್ಟ್ ರಿಪೇರಿ ಮಾಡುತ್ತೇನೆ. ಆಗಲೂ ಎತ್ತರದಲ್ಲಿ, ಈಗಲೂ ಎತ್ತರದಲ್ಲಿ. ಗೂಬೆ ಗೂಬೆಯೇ.

ಕೇಳಿದ್ದಕ್ಕೆ ಉತ್ತರ. ಡೆಕ್ಕಿನ ಬಣ್ಣ ಬೂದಿ, ಆದರೆ ಕಿಟ್‌ನಲ್ಲಿ ಹೇಳುವ ಬೂದಿಯಲ್ಲ, ಅದಕ್ಕಿಂತ ಹಸಿರು. ಬಣ್ಣ ಕಡಿಮೆ ಬಿದ್ದು ಎರಡು ಡಬ್ಬಿ ಬೆರೆಸಿ ಹಚ್ಚಿದ್ದೆವು. ಎಡಗಡೆಯ ದೋಣಿಗೆ ಹೊಸ ಮರದ ಪಟ್ಟಿ ಹಾಕಿತ್ತು, ಎದ್ದು ಕಾಣುತ್ತಿತ್ತು. ಹಿಂದಿನ ಹೊಗೆ ಕೊಳವೆಯ ಮಗ್ಗುಲಿಗೆ ಬಟ್ಟೆ ಒಣಗಿಸುವ ಹಗ್ಗ. ಯಾವ ಫೋಟೋದಲ್ಲೂ ಸಿಗುವುದಿಲ್ಲ, ಫೋಟೋ ತೆಗೆಯುವ ದಿನ ಬಿಚ್ಚಿಸುತ್ತಿದ್ದರು. ಅದನ್ನು ಹಾಕಿ. ಪೆನ್ಸಿಲ್‌ನ ಬನಿಯನ್ ಅದರ ಮೇಲೆ ಯಾವಾಗಲೂ ಇರುತ್ತಿತ್ತು. "ಯಾರದಪ್ಪಾ ಇದು, ಗಾಳಿಗೆ ಹಾರಿ ಬಂದ ಕರವಸ್ತ್ರಾನಾ?" ಎಂದು ಅಡುಗೆಯವನು ದಿನಾ ಕೇಳುತ್ತಿದ್ದ. "ನಿನ್ನ ಹೊಟ್ಟೆ ಒರೆಸೋಕೆ ಸಾಲಲ್ಲ ಬಿಡಣ್ಣ" ಎಂದು ಇವನೂ ದಿನಾ ಹೇಳುತ್ತಿದ್ದ.

ಪಕ್ಕದ ಗುಂಡು ಕಿಟಕಿಗಳಿಗೆ ಕಪ್ಪು ಹಚ್ಚಿರಿ, ಅವನ್ನು ನಾವು ಒಳಗಿನಿಂದ ಮುಚ್ಚಿದ್ದೆವು.

ಪೆನ್ಸಿಲ್‌ನ ಜಾಗ ಕೆಳಗೆ, ಯಂತ್ರದ ಕೋಣೆಯಲ್ಲಿ. ನಿಮ್ಮ ಮಾದರಿಗೆ ಕೆಳಗಿನ ಅರ್ಧ ಇಲ್ಲ ಅಂದಿರಲ್ಲ, ಅದು ಒಳ್ಳೆಯದು ಅಮ್ಮ. ಮೇಲಿನದನ್ನೇ ಚೆನ್ನಾಗಿ ಮಾಡಿ.

ಋಣ ಗಿಣ ಎಂದು ದಯವಿಟ್ಟು ಬರೆಯಬೇಡಿ.

ಗೂಬೆ


ಮಾರ್ಚ್ ೯

ಪ್ರೀತಿಯ ಗೂಬೆ,

ಹಗ್ಗ ಹಾಕಿದೆ. ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದ ಬತ್ತಿಯ ಹತ್ತಿರ ಹಿಡಿದು, ಮೆತ್ತಗಾದ ತಕ್ಷಣ ಎಳೆದರೆ ಕೂದಲಿನಂಥ ದಾರ ಬರುತ್ತದೆ. ಅದರ ಮೇಲೆ ಒಂದು ಬನಿಯನ್, ಸಿಗರೇಟಿನ ಪೊಟ್ಟಣದೊಳಗಿನ ಹಾಳೆಯದು. ಭೂತಗನ್ನಡಿ ಇಲ್ಲದೆ ಕಾಣುವುದಿಲ್ಲ. ಆದರೆ ಅದು ಇದೆ ಎಂದು ನಮ್ಮಿಬ್ಬರಿಗೆ ಗೊತ್ತು.

ಹಿತ್ತಾಳೆಯ ಹಾಳೆಯಿಂದ ಡೆಕ್ಕಿನ ಅಂಚಿನ ಕಟಕಟೆ ಕತ್ತರಿಸಿ ಕೂರಿಸುವಷ್ಟರಲ್ಲಿ ಕತ್ತು ಹಿಡಿದುಹೋಯಿತು. ಮನುಷ್ಯರೂ ಅದೇ ಹಾಳೆಯಲ್ಲಿ ಬರುತ್ತಾರೆ, ಎಳ್ಳಿನ ಗಾತ್ರ. ನಿನ್ನನ್ನು ಮೇಲೆ ನಿಲ್ಲಿಸಿದ್ದೇನೆ. ಅಡುಗೆಯವನಿಗೆ ಒಂದು ಹನಿ ಅಂಟು ಹೆಚ್ಚು ಹಾಕಿ ಹೊಟ್ಟೆ ಬರಿಸಿದೆ. ಮರಿಯನ್ನು ಇಡಲಿಲ್ಲ. ಅವನು ಆ ಹೊತ್ತಿಗೆ ಕೆಳಗಿದ್ದ, ಅಲ್ಲವೇ.

ಹಡಗು ಚೆನ್ನಾಗಿ ಬಂತು. ಸಮುದ್ರವನ್ನು ನಾನೇ ಹಾಳು ಮಾಡಿದೆ. ಜೆಲ್ಲನ್ನು ತೆಳ್ಳಗೆ ಸವರಿ, ಒಣಗಿದ ಮೇಲೆ ಇನ್ನೊಂದು ಪದರ ಸವರಬೇಕು ಎಂದು ಡಬ್ಬಿಯ ಮೇಲೆ ಬರೆದಿತ್ತು. ಆಯುಷ್ಯವೆಲ್ಲ ಅಕ್ರಿಲಿಕ್ ಬೇಯಿಸಿದವಳಿಗೆ ಡಬ್ಬಿ ಏನು ಹೇಳಿಕೊಡುವುದು ಎಂದು ಒಂದೇ ಸಲಕ್ಕೆ ಸುರಿದೆ, ಬೆರಳ ಉಗುರಿನ ಅಗಲದಷ್ಟು ದಪ್ಪ. ಹಲ್ಲಿನ ಒಸಡಿಗೆ ಹಾಕುವ ಅಕ್ರಿಲಿಕ್ ಬೇರೆ, ಇದು ಬೇರೆ. ಮೇಲೆ ಚರ್ಮ ಕಟ್ಟಿತು, ಒಳಗೆ ಹಾಗೇ ಉಳಿಯಿತು. ಬೆಳ್ಳಗೆ, ಹಾಲಿನಂತೆ. ಒಣಗಿದಷ್ಟೂ ತಿಳಿಯಾಗಬೇಕು, ಆದರೆ ಇಷ್ಟು ದಪ್ಪಕ್ಕೆ ತಿಂಗಳುಗಟ್ಟಲೆ ಬೇಕು. ಸದ್ಯಕ್ಕೆ ನಿಮ್ಮ ಹಡಗು ಹಾಲಿನಲ್ಲಿ ನಿಂತಿದೆ.

ಕೆತ್ತಿ ತೆಗೆದು ಮತ್ತೆ ಮಾಡಲೇ, ಕಾಯಲೇ?

ಅಮ್ಮ


ಮಾರ್ಚ್ ೨೦

ಅಮ್ಮ,

ಕೆತ್ತಿ ತೆಗೆಯಿರಿ. ತೆಳ್ಳಗೆ ಮತ್ತೆ ಹಚ್ಚಿ. ಕಾಯುವುದೆಂದರೆ ನನಗೆ ಆಗುವುದಿಲ್ಲ.

ನಿನ್ನೆ ಒಂದು ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತು. ಒಳಗೆ ಒಬ್ಬ ಬ್ಯಾಂಕಿನವರು, ಬಾಗಿಲು ಬಡಿಯುತ್ತಿದ್ದರು. ನಾನು ಮೊದಲು ಸ್ಪ್ಯಾನರಿನಿಂದ ಹೊರಗಿನಿಂದ ಬಡಿದೆ. ಒಳಗಿನಿಂದ ಬಡಿದರು. ಮತ್ತೆ ಬಡಿದೆ. ಜೊತೆಯವನು ನಗುತ್ತಾನೆ. "ಬಾಯಿ ಇಲ್ವೇನೋ ನಿಂಗೆ? ಬಂದ್ವಿ ಸಾರ್ ಅಂತ ಕೂಗೋದಕ್ಕೇನು?" ಕೂಗಬಹುದು. ಆದರೆ ನನಗೆ ಹೀಗೇ ಅಭ್ಯಾಸ. ಹೊರಗೆ ಬಂದು ಆ ಮನುಷ್ಯ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ, ಐದು ನಿಮಿಷವೂ ಆಗಿರಲಿಲ್ಲ ಅವರು ಒಳಗಿದ್ದು.

ಕೆತ್ತಿಬಿಡಿ.

ಗೂಬೆ


ಮೇ ೫

ಪ್ರೀತಿಯ ಗೂಬೆ,

ಕೆತ್ತಲಿಲ್ಲ. ಕಟಕಟೆ ಕಿತ್ತು ಬರುತ್ತದೆಂಬ ಭಯ.

ಈಗ ಹೇಳುವುದನ್ನು ವಯಸ್ಸಾದವಳ ಕಣ್ಣು ಎಂದು ತಳ್ಳಿಹಾಕುವ ಮೊದಲು ಒಂದು ನೆನಪಿರಲಿ, ಈ ಕಣ್ಣು ಹಲ್ಲಿನ ಮೇಲಿನ ಕೂದಲೆಳೆಯಷ್ಟು ಬಿರುಕನ್ನು ದೀಪವಿಲ್ಲದೆ ಹಿಡಿಯುತ್ತಿತ್ತು.

ಜೆಲ್ ಅಂಚಿನಿಂದ ತಿಳಿಯಾಗುತ್ತಾ ಬಂತು. ಮಧ್ಯಾಹ್ನ ನಾಲ್ಕರ ಬಿಸಿಲು ಮೇಜಿಗೆ ಅಡ್ಡಲಾಗಿ ಬೀಳುತ್ತದೆ. ಆಗ ನೀರಿನೊಳಗೆ ನೋಡಿದರೆ ನಾನು ಹಲಗೆಗೆ ಹಚ್ಚಿದ ಕಡುನೀಲಿ ಕಾಣಬೇಕು. ಕಾಣುವುದು ನೀಲಿಯಲ್ಲ, ಕೆಂಪು. ಹಡಗಿನ ಪಕ್ಕದ ಮೈ ನೀರಿನ ಗೆರೆಯ ಹತ್ತಿರ ನಿಲ್ಲದೆ ಕೆಳಕ್ಕೆ ಇಳಿದಿದೆ. ಇಳಿಯುತ್ತಾ ಒಳಕ್ಕೆ ಬಾಗಿದೆ, ಬಸುರಿಯ ಹೊಟ್ಟೆಯಂತೆ. ತುಕ್ಕುಗೆಂಪು, ಅಲ್ಲಲ್ಲಿ ಪಾಚಿ ಹಿಡಿದ ಹಾಗೆ ಕಪ್ಪು.

ನಾನು ಕೆಂಪು ಬಣ್ಣದ ಡಬ್ಬಿಯನ್ನೇ ತೆರೆದಿಲ್ಲ.

ಹಲಗೆಯನ್ನು ತಲೆಕೆಳಗೆ ಎತ್ತಿ ನೋಡಿದೆ. ಪ್ಲೈವುಡ್, ಅಂಗಡಿಯವನ ಪೆನ್ಸಿಲ್ ಗೆರೆ ಹಾಗೇ ಇದೆ. ತಿರುಗಿ ಇಟ್ಟು, ಜೆಲ್ ಇನ್ನೂ ಮೆತ್ತಗಿದ್ದ ಕಡೆ ಉದ್ದನೆಯ ಸೂಜಿಯೊಂದನ್ನು ಚುಚ್ಚಿದೆ. ಹಲಗೆ ತಾಗಬೇಕಿತ್ತು. ತಾಗಲಿಲ್ಲ. ಸೂಜಿ ಪೂರ್ತಿ ಹೋಯಿತು, ನನ್ನ ಬೆರಳು ನೀರಿಗೆ ತಾಗುವವರೆಗೆ. ಇನ್ನೊಂದು ಕೈಯಿಂದ ಹಲಗೆಯ ಅಡಿಯನ್ನು ತಡವಿದೆ. ಮೊನೆ ಹೊರಗೆ ಬಂದಿರಲಿಲ್ಲ.

ಸೂಜಿ ಹಿಂದಕ್ಕೆ ತೆಗೆದಾಗ ತಣ್ಣಗಿತ್ತು. ಈ ಸೆಕೆಯಲ್ಲಿ.

ನನಗೆ ಹೆದರಿಕೆಯಾಗಲಿಲ್ಲ ಎಂದರೆ ನಂಬುತ್ತೀಯಾ? ಅಯ್ಯೋ, ಕೆಳಗಿನ ಅರ್ಧವೂ ಇದೆಯಲ್ಲ ಎಂದುಕೊಂಡೆ, ಅಷ್ಟೇ.

ಅಮ್ಮ


ಮೇ ೧೧

ಅಮ್ಮ,

ಅದು ಪ್ರತಿಬಿಂಬ. ನಿಮ್ಮ ಮೇಜಿನ ಹತ್ತಿರ ಕೆಂಪು ಪರದೆ ಇರಬೇಕು, ಅಥವಾ ಎದುರು ಮನೆಯ ಗೋಡೆ. ದಪ್ಪ ಗಾಜು ಬೆಳಕನ್ನು ಬಾಗಿಸುತ್ತದೆ, ಜೆಲ್ಲೂ ಹಾಗೇ. ಸೂಜಿ ಓರೆಯಾಗಿ ಹೋಗಿರುತ್ತದೆ.

ಅದನ್ನು ಮುಂಗೋಣೆಯಿಂದ ತೆಗೆದು ಬೇರೆ ಕಡೆ ಇಡಿ. ಮೇಲೆ ಬಟ್ಟೆ ಮುಚ್ಚಿ. ಆ ಅಧಿಕಾರಿಗೆ ಈಗಲೇ ಕೊಟ್ಟುಬಿಟ್ಟರೆ ಇನ್ನೂ ಒಳ್ಳೆಯದು.

ಏನಾದರೂ ಶಬ್ದ ಬರುತ್ತದಾ?

ಗೂಬೆ


ಜೂನ್ ೩

ಗೂಬೆ,

ನನ್ನ ಮನೆಯಲ್ಲಿ ಕೆಂಪು ಪರದೆ ಇಲ್ಲ. ಎದುರುಗಡೆ ಮನೆಯೇ ಇಲ್ಲ, ಬಸ್ ನಿಲ್ಲಿಸುವ ಅಂಗಳ.

ಶಬ್ದ ಬರುತ್ತದಾ ಎಂದು ಕೇಳಿದೆಯಲ್ಲ. ನಾನು ಶಬ್ದದ ಮಾತನ್ನೇ ಎತ್ತಿರಲಿಲ್ಲ. ಬಂದರೂ ನನಗೆ ಕೇಳುವುದಿಲ್ಲ ಎಂದು ನಿನಗೆ ಗೊತ್ತು. ಯಾಕೆ ಕೇಳಿದೆ?

ಮೊನ್ನೆ ಕೆಳಗಿನ ಮನೆಯ ಹುಡುಗಿ ಮೇಲೆ ಬಂದಳು. ಆರು ತಿಂಗಳ ಕೂಸಿದೆ ಅವಳಿಗೆ. ಬಾಗಿಲಲ್ಲೇ ನಿಂತು, ನನಗೆ ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು. "ಆಂಟೀ, ಬೇಜಾರು ಮಾಡ್ಕೋಬೇಡಿ. ಮಧ್ಯಾಹ್ನದ ಹೊತ್ತು ಸ್ವಲ್ಪ ಕುಟ್ಟೋದು ನಿಲ್ಲಿಸ್ತೀರಾ? ಪಾಪು ಆಗ ತಾನೇ ಮಲಗಿರುತ್ತೆ."

"ನಾನೇನು ಕುಟ್ಟಲಿ? ನನ್ನ ಕೆಲಸವೆಲ್ಲ ಅಂಟಿಸೋದು."

"ಅದೇ ಆಂಟಿ, ಕಬ್ಬಿಣದ ಮೇಲೆ ಕಬ್ಬಿಣ ಹೊಡೆದ ಹಾಗೆ. ಟಕ್ ಟಕ್ ಟಕ್. ಆಮೇಲೆ ಸ್ವಲ್ಪ ಹೊತ್ತು ಇರಲ್ಲ. ಆಮೇಲೆ ಮತ್ತೆ. ಏನೋ ಕೇಳಿ, ಉತ್ತರಕ್ಕೆ ಕಾಯ್ತಾರಲ್ಲ, ಹಂಗೆ."

ಅವಳು ಹೋದ ಮೇಲೆ ಭೂತಗನ್ನಡಿ ಹಿಡಿದು ನೀರಿನೊಳಗೆ ನೋಡಿದೆ. ಈಗ ಬಹುಪಾಲು ತಿಳಿಯಾಗಿದೆ. ಹಡಗಿನ ಹೊಟ್ಟೆಯ ಮೇಲೆ, ಹಿಂದಿನ ಹೊಗೆ ಕೊಳವೆಯ ನೇರಕ್ಕೆ, ಒಂದು ಬಿಳಿಯ ಉಂಗುರ. ಕೈಯಲ್ಲಿ ಬರೆದದ್ದು, ತುದಿಗಳು ಸರಿಯಾಗಿ ಕೂಡಿಲ್ಲ. ಕಿಟ್‌ನಲ್ಲಿ ಅಂಥ ಗುರುತಿಲ್ಲ. ನನ್ನಲ್ಲಿರುವ ಯಾವ ನಕ್ಷೆಯಲ್ಲೂ, ಯಾವ ಫೋಟೋದಲ್ಲೂ ಇಲ್ಲ.

ಅದು ಏನು?

ಅಮ್ಮ


ಜುಲೈ ೧೮

ಗೂಬೆ,

ಪತ್ರ ತಲುಪಿದೆ, ಅಂಚೆಯವನನ್ನು ವಿಚಾರಿಸಿದೆ. ನೀನು ಉತ್ತರ ಬರೆಯದೇ ಇರುವುದೂ ಒಂದು ಉತ್ತರವೇ. ಇಷ್ಟು ದಿನ ಅದನ್ನೇ ಓದುತ್ತಿದ್ದೇನೆ.

ನಾನು ಒಂದೇ ಪ್ರಶ್ನೆ ಕೇಳುತ್ತೇನೆ, ಆಗ ಎದೆಯಲ್ಲಿದ್ದದ್ದನ್ನೇ. ಒಂದೇ ಕ್ಷಣವಾ?

ಅಮ್ಮ


ಆಗಸ್ಟ್ ೬

ಅಮ್ಮ,

ಇಲ್ಲ.

ಇದನ್ನು ಬರೆದು ಲೇಖನಿ ಕೆಳಗಿಟ್ಟು ಹೊರಗೆ ಹೋಗಿ ಬಂದೆ. ಮುಂದಿನದನ್ನು ಒಂದೇ ಉಸಿರಿಗೆ ಬರೆಯುತ್ತೇನೆ, ತಿದ್ದುವುದಿಲ್ಲ.

ಬಾಯ್ಲರ್ ಸಿಡಿದಾಗ ಮೇಲಿದ್ದ ನಾನು ನೀರಿಗೆ ಬಿದ್ದೆ. ಬಂದರಿನ ದೋಣಿ ಎತ್ತಿಕೊಂಡಿತು. ಹಡಗು ಆಳವಿಲ್ಲದ ಕಡೆ ಕೂತಿತ್ತು, ಕಂಬದ ತುದಿ ನೀರಿನ ಮೇಲೆ ಕಾಣುತ್ತಿತ್ತು. ಮುಳುಗುಗಾರ ಬಂದ. ಅವನ ಗಾಳಿಯ ಕೊಳವೆ ಹಿಡಿಯಲು ಕೈ ಸಾಲದೆ ನನ್ನನ್ನೂ ಹಿಡಿಯಲು ಹೇಳಿದರು. ಅವನು ಮೇಲೆ ಬಂದು ಹೇಳಿದ. "ಒಳಗೆ ಬಡೀತಾ ಇದಾರೆ. ಯಂತ್ರದ ಕೋಣೆ. ನಾನು ಬಡಿದ್ರೆ ಉತ್ತರ ಕೊಡ್ತಾರೆ." ಜಾಗ ತಪ್ಪಬಾರದೆಂದು ಮೇಣದ ಬಳಪದಲ್ಲಿ ಸುತ್ತು ಹಾಕಿ ಬಂದಿದ್ದ. ಅದೇ ನಿಮ್ಮ ಬಿಳಿ ಉಂಗುರ. ಅದನ್ನು ಕಂಡವನು ಅವನೊಬ್ಬ. ಅವನ ಬಾಯಿಂದ ಕೇಳಿದವರು ದೋಣಿಯಲ್ಲಿದ್ದ ನಾವು ಕೆಲವರು. ಯಾವ ಕಾಗದದ ಮೇಲೂ ಬರಲಿಲ್ಲ.

ಆ ಹೊತ್ತಿಗೆ ಆ ಕೋಣೆಯಲ್ಲಿರಬೇಕಾದವರು ಮೂವರು, ಅದರಲ್ಲಿ ಪೆನ್ಸಿಲ್ ಒಬ್ಬ.

ಕೊರೆದರೆ ಒಳಗೆ ಉಳಿದಿರುವ ಗಾಳಿ ಹೊರಗೆ ಬರುತ್ತದೆ, ನೀರು ಒಳಗೆ ನುಗ್ಗುತ್ತದೆ. ಕೊರೆಯಬೇಡಿ, ಎತ್ತುವ ಹಡಗು ಬರುತ್ತಿದೆ, ಕಾಯಿರಿ ಎಂದು ಮೇಲಿನಿಂದ ಆಜ್ಞೆ ಬಂತು. ಕಾದೆವು. ಮುಳುಗುಗಾರ ಮತ್ತೆ ಮತ್ತೆ ಇಳಿದು ಅವರಿಗೆ ಬಡಿದು ಬರುತ್ತಿದ್ದ. ಬೆಳಿಗ್ಗೆಯಿಂದ ಕತ್ತಲಾಗುವವರೆಗೆ. ಕತ್ತಲಾದ ಮೇಲೂ. ಎತ್ತುವ ಹಡಗು ಮರುದಿನ ಬಂತು. ಆಗ ಉತ್ತರ ಬರುತ್ತಿರಲಿಲ್ಲ.

ಮನೆಯವರಿಗೆ ಒಂದೇ ಕ್ಷಣ ಎಂದು ಹೇಳಿ ಅಂತ ಮೇಲಿನವರು ಅಂದರು. ನಿಮ್ಮ ಮನೆಗೆ ಬರುವಾಗ ಹೇಳಬಾರದು ಎಂದೇ ಇದ್ದೆ. ನೀವು ಕೈಯಲ್ಲಿ ಸೌಟು ಹಿಡಿದು ನನ್ನ ಮುಖ ನೋಡಿದಿರಿ. ಹೇಳಿದೆ. ನಿಮ್ಮ ಭುಜ ಕೆಳಗಿಳಿದದ್ದು ಕಂಡೆ. ಆಮೇಲೆ ಬರೆಯಲು ಮುಖವಿರಲಿಲ್ಲ.

ಅದನ್ನು ನೋಡಬೇಡಿ ಅಮ್ಮ. ಆ ನೀರಿನ ಮೇಲೆ ಕಪ್ಪು ಬಣ್ಣ ಹಚ್ಚಿಬಿಡಿ. ಸಮುದ್ರ ಕಪ್ಪಾಗಿದ್ದರೆ ಯಾರೂ ಏನೂ ಕೇಳುವುದಿಲ್ಲ. ನಿಮ್ಮ ಕೈಯಲ್ಲಾಗದಿದ್ದರೆ ನಾನು ಬಂದು ಹಚ್ಚುತ್ತೇನೆ.

ಗೂಬೆ


ಆಗಸ್ಟ್ ೩೦

ಗೂಬೆ,

ನಿನ್ನ ಪತ್ರ ಓದಿ ಮೊದಲು ಪಾತ್ರೆ ತೊಳೆದೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಆಮೇಲೆ ನಿನಗೆ ಶಾಪ ಹಾಕಿದೆ, ಬಾಯಿಬಿಟ್ಟು, ಗೋಡೆಗೆ ಕೇಳುವ ಹಾಗೆ. ಮರಿ ಕತ್ತಲಲ್ಲಿ ಕೂತು ಬಡಿಯುತ್ತಿದ್ದ, ನಾನು ಇಲ್ಲಿ ಯಾವನದೋ ಬಾಯಿಗೆ ಕೋರೆಹಲ್ಲು ಕೂರಿಸುತ್ತಿದ್ದೆ. ಆ ಸುಳ್ಳಿನ ಮೇಲೆ ನಾನು ಎಷ್ಟು ಚೆನ್ನಾಗಿ ಮಲಗಿದ್ದೇನೆ ಗೊತ್ತಾ? ನಿನ್ನನ್ನು ಅದಕ್ಕೆ ಬೈಯಬೇಕೋ, ಇನ್ನೇನಾದರೂ ಅನ್ನಬೇಕೋ, ಇವತ್ತಿಗೂ ಗೊತ್ತಾಗುತ್ತಿಲ್ಲ. ಗೊತ್ತಾದಾಗ ಬರೆಯುತ್ತೇನೆ.

ಕಪ್ಪು ಹಚ್ಚುವುದಿಲ್ಲ.

ನಿನ್ನೆ ಕೆಳಗಿನ ಮನೆಯ ಹುಡುಗಿ ಮೆಟ್ಟಿಲಲ್ಲಿ ಸಿಕ್ಕಳು. "ಥ್ಯಾಂಕ್ಸ್ ಆಂಟಿ, ಈಗ ಪರವಾಗಿಲ್ಲ" ಎಂದಳು. "ಮೊದಲಿನಷ್ಟು ಜೋರಿಲ್ಲ. ಬಿಟ್ಟು ಬಿಟ್ಟು ಬರುತ್ತೆ. ಒಂದೊಂದು ಸಲ ನಿಂತೇ ಹೋಯ್ತೇನೋ ಅನ್ಸುತ್ತೆ." ನನಗೆ ಸಮಾಧಾನವಾಗಲಿ ಎಂದು ಹೇಳಿದಳು ಪಾಪ. ಮೆಟ್ಟಿಲಿನ ಕಂಬಿ ಹಿಡಿದುಕೊಂಡೆ.

ಕಿವಿ ಹೋದವರಿಗೂ ಹಲ್ಲಿನಿಂದ ಕೇಳುತ್ತದೆ. ಲ್ಯಾಬಿನಲ್ಲಿ ಇದು ನಮಗೆ ಹಳೆಯ ಆಟ, ಓಡುತ್ತಿರುವ ಯಂತ್ರದ ಹಿಡಿಯನ್ನು ಕಚ್ಚಿದರೆ ತಲೆಯೊಳಗೆಲ್ಲ ಸದ್ದು. ಮೇಜಿನ ಮುಂದೆ ಮಂಡಿಯೂರಿ ಕೂತು ಹಲಗೆಯ ಅಂಚನ್ನು ಕಚ್ಚಿದೆ. ನೆರೆಯವರು ಯಾರಾದರೂ ಕಂಡಿದ್ದರೆ ಮುದುಕಿಗೆ ತಲೆ ಪೂರ್ತಿ ಕೆಟ್ಟಿತು ಅನ್ನುತ್ತಿದ್ದರು.

ಬಹಳ ಹೊತ್ತು ಏನೂ ಇಲ್ಲ. ಪ್ಲೈವುಡ್ಡಿನ ರುಚಿ, ನನ್ನದೇ ರಕ್ತ ಓಡುವ ಸದ್ದು.

ಆಮೇಲೆ ದವಡೆಯ ಮೂಳೆಯಲ್ಲಿ, ದೂರದಿಂದ, ಮೂರು ಸಲ.

ಚಿಮಟದ ಹಿಂದಿನ ತುದಿಯಿಂದ ಹಲಗೆಯ ಮೇಲೆ ಮೂರು ಸಲ ಬಡಿದೆ. ಕಾದೆ. ಗೂಬೆ, ಉತ್ತರ ಬಂತು. ತಕ್ಷಣ ಬಂತು. ಸುಸ್ತಾಗಿದ್ದವರು ಎದ್ದು ಕೂತ ಹಾಗೆ ಅವಸರವಾಗಿ, ಎಣಿಸಲಾರದಷ್ಟು.

ಇನ್ನು ನಾನು ಅದನ್ನು ಕೇಳಿಯೂ ಸುಮ್ಮನಿರುವುದು ಸಾಧ್ಯವಿಲ್ಲ. ಎತ್ತುವ ಹಡಗು ಬರುವುದಿಲ್ಲ ಎಂದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅಷ್ಟೇ ವ್ಯತ್ಯಾಸ. ಆ ಗಾಳಿಯನ್ನು ಹಿಡಿದಿಟ್ಟುಕೊಂಡು ಅವರು ಇನ್ನೂ ಕಾಯುತ್ತಿದ್ದಾರೆ. ಉಂಗುರದ ನಡುವೆ ಕೊರೆಯುತ್ತೇನೆ. ಅದರಿಂದ ಅವನು ಬದುಕಿ ಬರುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿದೆ. ಕಾಯುವುದಾದರೂ ನಿಲ್ಲಲಿ.

ನಿನ್ನ ಪತ್ರಕ್ಕೆ ಕೆಲವು ದಿನ ನೋಡುತ್ತೇನೆ. ಅಪ್ಪಣೆ ಕೇಳುತ್ತಿಲ್ಲ. ಅಲ್ಲಿದ್ದವರಲ್ಲಿ ನೀನೊಬ್ಬ, ನಿನಗೆ ತಿಳಿಸದೆ ಮಾಡಬಾರದು ಅನ್ನಿಸಿತು.

ಅಮ್ಮ


ಸೆಪ್ಟೆಂಬರ್ ೪

ಅಮ್ಮ,

ಕೊರೆಯಬೇಡಿ. ನಾನು ರಜೆ ಹಾಕಿ ಬರುತ್ತೇನೆ, ಅಲ್ಲಿಯವರೆಗೆ ದಯವಿಟ್ಟು ಕಾಯಿರಿ.

ಮೇಲಿನ ಸಾಲು ಬರೆದು ಓದಿಕೊಂಡೆ. ಆವತ್ತು ನಮಗೆ ಬಂದ ಆಜ್ಞೆಯೂ ಹೆಚ್ಚುಕಡಿಮೆ ಇದೇ ಮಾತಿನಲ್ಲಿತ್ತು. ಆ ಸಾಲನ್ನು ಹೊಡೆದು ಹಾಕುವುದಿಲ್ಲ, ಇರಲಿ, ನೀವೂ ನೋಡಿ.

ಕೊರೆಯಿರಿ.

ಕೊರೆಯುವ ಮೊದಲು ಒಮ್ಮೆ ಬಡಿಯಿರಿ. ಸುಮ್ಮನೆ ಒಮ್ಮೆಗೇ ಶುರು ಮಾಡಿದರೆ ಒಳಗಿನವರಿಗೆ ಗಾಬರಿಯಾಗುತ್ತದೆ.

ಗೂಬೆ


ಅಕ್ಟೋಬರ್ ೧೪

ಪ್ರೀತಿಯ ಗೂಬೆ,

ನಿನ್ನ ಪತ್ರ ಬಂದ ಮಧ್ಯಾಹ್ನವೇ ಮಾಡಿದೆ. ಬಿಸಿಲು ಮೇಜಿಗೆ ಬರುವವರೆಗೆ ಕಾದು, ಒಮ್ಮೆ ಬಡಿದು, "ಮರೀ, ನಾನು ಕಣೋ" ಎಂದೆ. ಅವನಿಗೆ ಕೇಳಿತೋ ಇಲ್ಲವೋ. ಕೈಯಲ್ಲಿ ತಿರುಗಿಸುವ ಡ್ರಿಲ್ಲಿಗೆ ಇದ್ದದ್ದರಲ್ಲಿ ತೆಳ್ಳನೆಯ ಮೊನೆ ಹಾಕಿ ಜೆಲ್ಲಿನ ಮೂಲಕ ಇಳಿಸಿದೆ. ಜೆಲ್ ಆಗಲೇ ಪೂರ್ತಿ ಗಟ್ಟಿಯಾಗಿತ್ತು, ಗಾಜಿನ ಹಾಗೆ. ಉಂಗುರದ ಹತ್ತಿರ ಮೊನೆ ಏನಕ್ಕೋ ತಾಗಿ ನಿಂತಿತು. ಪ್ಲಾಸ್ಟಿಕ್ ಕೊರೆಯುವುದಕ್ಕೂ ಲೋಹ ಕೊರೆಯುವುದಕ್ಕೂ ಇರುವ ವ್ಯತ್ಯಾಸವನ್ನು ನನ್ನ ಬೆರಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದು ಉಕ್ಕು. ಬಿಸಿಲು ಮೇಜಿನಿಂದ ಗೋಡೆಗೆ ಹತ್ತುವವರೆಗೆ ತಿರುಗಿಸಿದೆ. ತಟ್ಟನೆ ಕೈ ಹಗುರಾಯಿತು. ಮೊನೆಯನ್ನು ಹಿಂದಕ್ಕೆ ತೆಗೆದೆ. ತುದಿಯಲ್ಲಿ ಯಂತ್ರದ ಎಣ್ಣೆ ಇತ್ತು. ಬಟ್ಟೆಗೆ ಒರೆಸಿದೆ, ಕಲೆ ಇದೆ, ನೀನು ಬಂದಾಗ ನೋಡುವಿಯಂತೆ.

ಉಂಗುರದ ನಡುವಿನಿಂದ ಒಂದು ಗುಳ್ಳೆ ಹೊರಬಂದಿತ್ತು. ಹಡಗಿನ ಹೊಟ್ಟೆಗೆ ಅಂಟಿಕೊಂಡ ಹಾಗೆ, ಸಾಸಿವೆಯ ಕಾಲುಭಾಗದಷ್ಟು. ಗಟ್ಟಿಯಾದ ಜೆಲ್ಲಿನಲ್ಲಿ ಗುಳ್ಳೆ ಇದ್ದ ಕಡೆಯೇ ಇರಬೇಕು. ಇದು ನಿಲ್ಲಲಿಲ್ಲ. ಮರುದಿನ ಒಂದು ಕೂದಲಿನಷ್ಟು ಮೇಲಿತ್ತು. ಅದರ ಮರುದಿನ ಇನ್ನಷ್ಟು. ಹಡಗಿನ ಪಕ್ಕವನ್ನು ಸವರಿಕೊಂಡು, ಯಾವ ಅವಸರವೂ ಇಲ್ಲದೆ, ಮೇಲಕ್ಕೆ.

ಅಷ್ಟು ದಿನವೂ ನಾನು ಹಲಗೆ ಕಚ್ಚಲಿಲ್ಲ. ಕೆಳಗಿನ ಮನೆಯ ಹುಡುಗಿಯನ್ನು ಮಾತ್ರ ಕೇಳಿದೆ. "ಎಲ್ಲಿ ಆಂಟಿ, ನೀವು ನಿಲ್ಲಿಸಿ ಎಷ್ಟೋ ದಿನ ಆಯ್ತಲ್ಲ!" ಎಂದಳು.

ನಡುವೆ ಕೊಠಡಿಯ ಅಧಿಕಾರಿ ಗಾಜಿನ ಪೆಟ್ಟಿಗೆಯ ಅಳತೆಗೆ ಬಂದರು. ಬಗ್ಗಿ ನೋಡಿ, "ತುಂಬಾ ಜೀವ ಇದೆ ಮೇಡಂ ನೀರಿಗೆ. ಇಲ್ಲೊಂದು ಗುಳ್ಳೆ ಉಳಿದುಬಿಟ್ಟಿದೆ, ಸೂಜಿಯಲ್ಲಿ ಒಡೆದು ಮೇಲೊಂದು ಕೋಟ್ ಕೊಟ್ಟರೆ ಗೊತ್ತಾಗಲ್ಲ" ಎಂದರು. ನಾನು ಅವರ ಮತ್ತು ಮೇಜಿನ ನಡುವೆ ಬಂದು ನಿಂತೆ. ಚಹಾ ತಣ್ಣಗಾಗುತ್ತದೆ ಎಂದು ಒಳಗೆ ಕರೆದುಕೊಂಡು ಹೋದೆ. ಹಡಗನ್ನು ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಈಗಲೇ ಅಲ್ಲ ಎಂದೂ ಹೇಳಿದ್ದೇನೆ.

ನಿನ್ನ ಬಗ್ಗೆ ಯೋಚಿಸಿದೆ. ಆ ದೋಣಿಯಲ್ಲಿ ಕೊಳವೆ ಹಿಡಿದು ಕೂತ ಹುಡುಗ ನೀನು, ಮರಿಗಿಂತ ಎರಡು ವರ್ಷ ಚಿಕ್ಕವನು. ನಾನು ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಕೂತರೆ ಆ ಮಾತು ನನ್ನದಲ್ಲ ಅನ್ನಿಸುತ್ತದೆ. ಕೋಪವಿದೆಯೇ ಎಂದು ಹುಡುಕಿದರೆ ಅದೂ ಸಿಗುವುದಿಲ್ಲ. ರಜೆ ಹಾಕುತ್ತೇನೆ ಎಂದಿದ್ದೆಯಲ್ಲ, ಹಾಕು. ಇಲ್ಲಿ ಎದುರುಬದುರು ಕೂತು ಊಟ ಮಾಡೋಣ, ಮಾತು ತಾನಾಗಿ ಬಂದರೆ ಬರಲಿ.

ಇವತ್ತು ಗುಳ್ಳೆ ಮೇಲಕ್ಕೆ ಬಂತು. ಬೆಳಿಗ್ಗೆ ನೋಡಿದಾಗ ನೀರಿನ ಚರ್ಮಕ್ಕೆ ತಾಗಿ ನಿಂತಿತ್ತು. ನಾನು ಕುರ್ಚಿ ಎಳೆದುಕೊಂಡು ಕೂತೆ. ಚಹಾ ಮಾಡಲಿಲ್ಲ, ಬಾಗಿಲು ಯಾರೋ ಬಡಿದ ಹಾಗೆ ನೆಲ ಅದುರಿತು, ಏಳಲಿಲ್ಲ. ಮುಖವನ್ನು ಹತ್ತಿರ ಹಿಡಿದಿದ್ದೆ, ಕನ್ನಡಕಕ್ಕೆ ಕಂಬ ತಾಗುವಷ್ಟು.

ಸದ್ದಿಲ್ಲದೆ ಒಡೆಯಿತು. ತುಟಿಯ ಮೇಲೆ ಒಂದಿಷ್ಟು ಗಾಳಿ ತಾಗಿದ್ದು ಗೊತ್ತಾಯಿತು. ಬೆಚ್ಚಗಿತ್ತು ಗೂಬೆ, ಅಷ್ಟು ದಿನ ಆ ತಣ್ಣನೆಯ ನೀರಿನ ಕೆಳಗಿದ್ದರೂ.

ಯೋಚಿಸಿ ಮಾಡಿದ್ದಲ್ಲ. ಬಾಯಿ ತೆರೆದು ಆ ಗಾಳಿಯನ್ನು ಒಳಗೆ ಎಳೆದುಕೊಂಡೆ. ಎದೆ ನೋಯುವವರೆಗೆ, ಕಣ್ಣು ಕತ್ತಲಿಡುವವರೆಗೆ ಹಿಡಿದುಕೊಂಡೆ.

ಆಮೇಲೆ ಬಿಟ್ಟೆ.

ಅಮ್ಮ